ಎಷ್ಟು ಬಿದ್ದವು ಅಂತ ಕೇಳಬ್ಯಾಡ್ರಿ

ಗಾಳ ಹಾಕಿ ಕೂತವನ ಬೆನ್ನ ಹಿಂದೆ ಹೋಗಿ ನಿಂತು "ಎಷ್ಟು ಬಿದ್ದವ್ರಿ?" ಅಂತ ಕೇಳುವವರಿದ್ದಾರಲ್ಲ, ಅವರಿಗೆ ಮನೆಯಲ್ಲಿ ಯಾರೂ ಏನೂ ಕಲಿಸಿಲ್ಲ ಅಂತಲೇ ಲೆಕ್ಕ. ಸಾಲ ಎಷ್ಟದ, ಪಗಾರ ಎಷ್ಟದ ಅಂತ ಬೇಕಾದರೆ ಕೇಳಿ, ಹೇಳಿಬಿಡುತ್ತಾನೆ. ಮೀನಿನ ಲೆಕ್ಕ ಮಾತ್ರ ಕೇಳಬಾರದು. ಕೇಳಿದರೆ ಸಿಗುವ ಉತ್ತರವೂ ಒಂದೇ: "ಈಗ ಬಂದು ಕುಂತೀನ್ರಿ." ಅವನ ಮಗ್ಗುಲಲ್ಲಿ ಕುಡಿದಿಟ್ಟ ಚಹಾದ ಕಪ್ಪುಗಳು ಒಂದರೊಳಗೊಂದು ಕೂತಿರುತ್ತವೆ, ಬೀಡಿಯ ತುಂಡು ಬಿದ್ದಿರುತ್ತವೆ, ಜಾಲಿ ಗಿಡದ ನೆರಳು ಈ ಕಡೆಯಿಂದ ಆ ಕಡೆಗೆ ಹೊರಳಿರುತ್ತದೆ, ಆದರೂ ಅವನು ಈಗ ಬಂದು ಕೂತವನೇ. ತಿಳಿದವರು ಹಾಗೆ ಕೇಳುವುದಿಲ್ಲ. "ನೀರು ಹ್ಯಾಂಗದ?" ಅಂತಾರೆ. ಅವನು "ಗಾಳಿ ಭಾಳ ಅದ" ಅಂತಾನೆ. ಇಬ್ಬರಿಗೂ ತಿಳಿಯಿತು, ಯಾರ ಮರ್ಯಾದೆಯೂ ಹೋಗಲಿಲ್ಲ. ಅಷ್ಟೇ ತಾನೇ ಬೇಕಾಗಿರೋದು, ಅಲ್ವಾ?

ನಮ್ಮ ಚಿಟಗುಪ್ಪ 2018ರಲ್ಲಿ ತಾಲ್ಲೂಕಾಯಿತು, ತಹಶೀಲ್ದಾರರು ಬಂದರು, ಬೋರ್ಡು ಬದಲಾಯಿತು. ಆದರೆ ರವಿವಾರ ಹೊತ್ತು ಹೋಗಬೇಕಲ್ಲ, ಅದಕ್ಕೆ ಸರ್ಕಾರ ಇನ್ನೂ ಏನೂ ಯೋಜನೆ ಹಾಕಿಲ್ಲ ನೋಡಿ. ದೇವರ ಕಡೆ ಮನಸ್ಸಿದ್ದವರು ಹುಮನಾಬಾದಿನ ಮಾಣಿಕನಗರಕ್ಕೆ ಹೋಗುತ್ತಾರೆ. ರೊಕ್ಕದ ಕಡೆ ಮನಸ್ಸಿದ್ದವರು ಹೈದರಾಬಾದಿನ ಬಸ್ಸು ಹತ್ತುತ್ತಾರೆ. ಉಳಿದವರಲ್ಲಿ ಒಂದು ಪಂಗಡ ಬಿದಿರಿನ ಕೋಲನ್ನು ಮೋಟರ್ ಸೈಕಲ್ಲಿಗೆ ಅಡ್ಡ ಕಟ್ಟಿಕೊಂಡು, ದಾರಿಯಲ್ಲಿ ಬರುವವರ ಕಣ್ಣು ಕಿತ್ತೇ ಬಿಡುವ ಹಾಗೆ ಕಾರಂಜಾ ಹಿನ್ನೀರಿನ ಕಡೆ ಹೊರಡುತ್ತದೆ. ಬಸವಕಲ್ಯಾಣದವರ ಪುಣ್ಯ ದೊಡ್ಡದು, ಅವರಿಗೆ ಚುಳಕಿ ನಾಲಾ ಬೇರೆ ಇದೆ, ಊರ ಮಗ್ಗುಲಿಗೇ ತ್ರಿಪುರಾಂತ ಕೆರೆ ಬೇರೆ. ಕಾರಂಜಾ ಏನು ಸಣ್ಣದೇ? ಏಳೂವರೆ ಟಿಎಂಸಿಗಿಂತ ತುಸು ಜಾಸ್ತಿಯೇ ನೀರು ಹಿಡಿಯುವ ಜಲಾಶಯ. ಅಷ್ಟು ದಂಡೆ ಬಿದ್ದಿದ್ದರೂ ನಮ್ಮವರು ಕೂಡುವುದು ಮಾತ್ರ ಅವೇ ನಾಲ್ಕು ಕಲ್ಲಿನ ಮೇಲೆ.

ಈ ಕಲ್ಲಿನ ವಿಷಯ ಹೇಳಲೇಬೇಕು. ಯಾವ ಕಲ್ಲು ಯಾರದ್ದು ಅಂತ ಎಲ್ಲೂ ಬರೆದಿಲ್ಲ, ಪಹಣಿಯಲ್ಲಿ ಬರುವ ಪ್ರಶ್ನೆಯೂ ಇಲ್ಲ. ಆದರೆ ಎಲ್ಲರಿಗೂ ಗೊತ್ತು. ಹೊಸಬನೊಬ್ಬ ತಿಳಿಯದೆ ಬಂದು ಕೂತುಬಿಟ್ಟ ಅನ್ನಿ. "ಏಳ್ರಿ, ಇದು ನಂದು" ಅಂತ ಯಾರೂ ಅನ್ನುವುದಿಲ್ಲ. ಹಾಗಂದರೆ ಅದು ಭಾರಿ ಕೆಟ್ಟದ್ದು. ಕಲ್ಲಿನ ಯಜಮಾನ ಬಂದು ಅವನ ಮಗ್ಗುಲಿಗೇ, ತೊಡೆಗೆ ತೊಡೆ ತಾಗುವಷ್ಟು ಹತ್ತಿರ ಕೂಡುತ್ತಾನೆ. ಕೂತು ತನ್ನ ಮಂಡಿ ನೋವಿನ ಸುದ್ದಿ ತೆಗೆಯುತ್ತಾನೆ. ಮಂಡಿಯಿಂದ ಸೊಂಟಕ್ಕೆ ಬರುತ್ತಾನೆ, ಸೊಂಟದಿಂದ ಬೀದರಿನ ಡಾಕ್ಟರಿಗೆ, ಡಾಕ್ಟರಿನಿಂದ ತನ್ನ ಭಾವಮೈದುನನಿಗೆ. ಆ ಭಾವಮೈದುನನ ಹೊಲದ ವ್ಯಾಜ್ಯ ಮುಗಿಯುವಷ್ಟರಲ್ಲಿ ಹೊಸಬ ತಾನಾಗಿಯೇ ಎದ್ದು "ಆ ಕಡೆ ನೋಡ್ತೀನ್ರಿ" ಅಂತ ಹೋಗಿರುತ್ತಾನೆ. ಜಗಳ ಇಲ್ಲ, ತಂಟೆ ಇಲ್ಲ. ಕೋರ್ಟಿನವರು ಬಂದು ಕಲಿಯಬೇಕು.

ಸಾಮಾನೂ ಅಷ್ಟೇ, ಏನು ದೊಡ್ಡದಲ್ಲ. ಒಂದು ಕೋಲು, ನೈಲಾನ್ ದಾರ, ಗಾಳ, ಮೇಲೊಂದು ಬೆಂಡು. ಬೆಂಡು ಅಂಗಡಿಯದಾದರೆ ಜನ ಒಂಥರಾ ನೋಡುತ್ತಾರೆ. ಜೋಳದ ದಂಟಿನ ಸಿಪ್ಪೆ ಸುಲಿದು ಒಳಗಿನ ಬೆಂಡು ತೆಗೆದರೆ ಮುಗಿಯಿತಲ್ಲ, ಅದಕ್ಕೂ ದುಡ್ಡು ಕೊಡಬೇಕೇ? ಎರೆಹುಳು ಸಿಕ್ಕರೆ ಎರೆಹುಳು, ಇಲ್ಲದಿದ್ದರೆ ಕಣಕ. ರೋಹು, ಕಾಟ್ಲಾ ಬೇಕೆಂದರೆ ಕಣಕಕ್ಕೆ ಶೇಂಗಾ ಹಿಂಡಿ ಬೆರೆಸಬೇಕು. ಅತ್ತ ಹಳೇ ಮೈಸೂರಿನ ಕಡೆ ಕಾವೇರಿಯ ಮಹಶೀರ್ ಮೀನಿಗೆ ರಾಗಿ ಮುದ್ದೆ ಹಾಕುತ್ತಿದ್ದರಂತೆ. ಭೀಮೇಶ್ವರಿಯಲ್ಲಿ ಬಿಳಿ ಸಾಹೇಬರೆಲ್ಲ ರಾಗಿ ಉಂಡೆ ಕಟ್ಟಿಕೊಂಡು ಬಂಡೆಯ ಮೇಲೆ ಕೂತು, ಸಿಕ್ಕ ಮೀನನ್ನು ತೂಗಿ, ಫೋಟೋ ತೆಗೆದು, ಮತ್ತೆ ನೀರಿಗೆ ಬಿಡುತ್ತಿದ್ದರು. ಅಭಯಾರಣ್ಯದೊಳಗೆ ಹಿಡಿದು ಬಿಟ್ಟರೂ ಅದು ಬೇಟೆಯೇ ಅಂತ ಆಮೇಲೆ ನಿಲ್ಲಿಸಿದರು, ಅದು ಬೇರೆ ಮಾತು. ನಮ್ಮ ಕಡೆಯ ಮೀನಿಗೆ ರಾಗಿ ಹಾಕಿದರೆ ತಿಂದೀತೇ? ಜೋಳದ ರೊಟ್ಟಿ ತುಂಡಿಗೆ ಬರುತ್ತವೆ. ನಾನೇ ಕಂಡಿದ್ದೇನೆ, ಮಧ್ಯಾಹ್ನದ ಬುತ್ತಿಯಲ್ಲಿ ಉಳಿದ ರೊಟ್ಟಿಯನ್ನು ನೆನೆಸಿ ಹಾಕಿದವನಿಗೆ ಬಿದ್ದಿತು, ಹೈದರಾಬಾದಿನಿಂದ ಡಬ್ಬಿಯಲ್ಲಿ ತಂದ ವಾಸನೆ ಹಿಟ್ಟಿನವನು ನೋಡುತ್ತ ಕೂತ.

ಗಾಳ ಬೀಸುವ ಮೊದಲು ಒಬ್ಬ ಬಿಸ್ಮಿಲ್ಲಾ ಅಂತಾನೆ, ಮಗ್ಗುಲಿನವನು ಗಂಗಮ್ಮನ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾನೆ. ಇಬ್ಬರ ದಾರ ಸಿಕ್ಕು ಬಿದ್ದಾಗ ಮಾತ್ರ ಬಿಡಿಸಲಿಕ್ಕೆ ಯಾವ ದೇವರೂ ಬರುವುದಿಲ್ಲ. ಆಗ ನಿಯಮ ಏನು ಗೊತ್ತೇ? ಹಿರಿಯನ ದಾರ ಕತ್ತರಿಸಬಾರದು. ತಪ್ಪು ಯಾರದೇ ಇರಲಿ, ಕಿರಿಯನದ್ದೇ ಹೋಗಬೇಕು. ಮತ್ತೆ ಕತ್ತರಿಸಿದ ತುಂಡು ಅಲ್ಲೇ ಎಸೆಯಬಾರದು, ಜೇಬಿಗೆ ಹಾಕಿಕೊಳ್ಳಬೇಕು. ಎಮ್ಮೆಯ ಗೊರಸಿಗೆ ನೈಲಾನ್ ಸುತ್ತಿಕೊಂಡರೆ ಆ ಎಮ್ಮೆಯ ಒಡತಿ ದಂಡೆಯುದ್ದಕ್ಕೂ ಕೊಡುವ ಆಶೀರ್ವಾದ ಕೇಳಿದ್ದೀರಾ? ಕೇಳದಿದ್ದರೆ ಒಳ್ಳೆಯದು.

ತ್ರಿಪುರಾಂತ ಕೆರೆಯ ಮಾತು ಬಂತಲ್ಲ, ಅಲ್ಲಿ ನುಲಿಯ ಚಂದಯ್ಯನ ಗವಿ ಇದೆ. ಹುಲ್ಲು ಕೊಯ್ದು ಹಗ್ಗ ಹೊಸೆದು ಜಂಗಮ ದಾಸೋಹ ನಡೆಸಿದ ಶರಣ. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ನೀರಿಗೆ ಬಿದ್ದರೂ ಕಾಯಕ ಬಿಡದೆ ನಡೆದವನು ಅಂತ ಕತೆ ನಿಮಗೆ ಗೊತ್ತಿದ್ದದ್ದೇ. ಈಚೆಗೊಬ್ಬ ಗಾಳದವನ ಎದೆ ಜೇಬಿನಿಂದ ಮೊಬೈಲು ಜಾರಿ ಗುಳುಂ ಅಂತ ನೀರಿಗೆ ಬಿತ್ತು. ಎಲ್ಲರೂ ಬಾಯಿ ಬಾಯಿ ಬಡಿದುಕೊಂಡರೆ ಅವನು ಬೆಂಡಿನಿಂದ ಕಣ್ಣು ಕೀಳಲಿಲ್ಲ. "ಸುಮ್ಮಿರ್ರೀ, ಕಚ್ಚಲತ್ತದ" ಅಂದ. ಅದನ್ನು ಕಾಯಕನಿಷ್ಠೆ ಅನ್ನಬಹುದೋ ಬಾರದೋ, ಅನುಭವ ಮಂಟಪದಲ್ಲೇ ಇತ್ಯರ್ಥ ಆಗಬೇಕಾದ ಪ್ರಶ್ನೆ. ಅವನ ಹೆಂಡತಿಯಂತೂ ಬೇರೆ ಇತ್ಯರ್ಥ ಮಾಡಿದಳು.

ಇನ್ನು ನೋಡುವವರು. ದಂಡೆಯ ಖರೇ ಶೋಭೆ ಅವರೇ ಅಂತ ನನ್ನ ಅಭಿಪ್ರಾಯ. ನಮ್ಮ ಓಣಿಯಲ್ಲೇ ಒಬ್ಬರಿದ್ದಾರೆ, ಹೆಸರು ಹೇಳುವುದಿಲ್ಲ. ಕೊರಳಲ್ಲಿ ಲಿಂಗ, ಹಣೆಯಲ್ಲಿ ಮೂರು ಬೆರಳು ವಿಭೂತಿ, ಮೀನಿನ ವಾಸನೆ ಬಂದರೆ ಓಣಿ ಬದಲಿಸುವವರು. ಆದರೆ ರವಿವಾರ ತಪ್ಪದೆ ದಂಡೆಗೆ ಹಾಜರು. ಕೋಲು ಮುಟ್ಟುವುದಿಲ್ಲ, ಹುಳ ಮುಟ್ಟುವುದಿಲ್ಲ. ಒಂದು ಟವಲ್ಲು ಹಾಸಿ ಕೂತು ಕಣ್ಣು ಮಿಟುಕಿಸದೆ ಬೆಂಡು ನೋಡುತ್ತಾರೆ. ಬೆಂಡು ಮುಳುಗಿದ್ದನ್ನು ಗಾಳದವನಿಗಿಂತ ಮೊದಲು ಕಾಣುವವರು ಅವರೇ. "ಎಳಿ! ಎಳಿಯೋ! ಎಳಿಯಲೇ!" ಅಂತ ಒದರಿ ಎದ್ದು ನಿಂತುಬಿಡುತ್ತಾರೆ. ಮೀನು ದಂಡೆಗೆ ಬಂದು ಬಿದ್ದು ಒದ್ದಾಡಲು ಶುರು ಮಾಡಿದ ಕೂಡಲೇ ಮುಖ ಆ ಕಡೆ ತಿರುಗಿಸಿ "ಶಿವಾ ಶಿವಾ" ಅನ್ನುತ್ತಾರೆ. ಇವರನ್ನು ಗೇಲಿ ಮಾಡಬಾರದು ಅನ್ನೋದು ದಂಡೆಯ ಇನ್ನೊಂದು ಕಾನೂನು. ಒಂದು ಸಲ ಪಡ್ಡೆ ಹುಡುಗನೊಬ್ಬ "ಅಪ್ಪಾವ್ರಿಗಿ ಒಂದು ತುಂಡು ಕೊಡ್ರೋ" ಅಂದದ್ದಕ್ಕೆ ಅವನ ಮಗ್ಗುಲಿನವರೆಲ್ಲ ಎದ್ದು ಬೇರೆ ಕಡೆ ಹೋಗಿ ಕೂತರು. ಅವನೊಬ್ಬನೇ ಉಳಿದ.

ಅಪ್ಪಾವರಿಗೆ ದಮ್ಮು ಬೇರೆ ಇದೆ. ಮಿರಗ ಬಂತೆಂದರೆ, ಅಂದರೆ ಜೂನ್ ಏಳೆಂಟಕ್ಕೆ, ಹೈದರಾಬಾದಿನಲ್ಲಿ ಬತ್ತಿನಿ ಮನೆತನದವರು ಮೀನಿನ ಪ್ರಸಾದ ಕೊಡುತ್ತಾರಲ್ಲ, ಬೆರಳುದ್ದದ ಜೀವಂತ ಮರಲ್ ಮರಿಯ ಬಾಯಲ್ಲಿ ಔಷಧ ಇಟ್ಟು ನುಂಗಿಸುವುದು. ಅದರಿಂದ ದಮ್ಮು ಹೋಗುತ್ತದೋ ಇಲ್ಲವೋ ಅಂತ ಡಾಕ್ಟರುಗಳು ತಕರಾರು ಮಾಡುತ್ತಲೇ ಇರುತ್ತಾರೆ, ಜನ ಸಾಲು ಹಚ್ಚುತ್ತಲೇ ಇರುತ್ತಾರೆ. ಅಪ್ಪಾವರೂ ಹೋಗಿದ್ದರು. ಮೀನು ತಿನ್ನದವರಿಗೆ ಅಲ್ಲಿ ಬೆಲ್ಲದಲ್ಲಿ ಕೊಡುವ ಪದ್ಧತಿ ಇದೆ. ಬೆಲ್ಲ ತಿಂದು ಬಂದರು. ಬಂದವರು ಔಷಧದ ಗುಣ ಹೇಳಲಿಲ್ಲ, ರೋಗಿಗಳ ಸಂಕಟ ಹೇಳಲಿಲ್ಲ, ಒಂದು ತಾಸು ಹೇಳಿದ್ದು ಬರೇ ಆ ಮರಿಗಳ ಚಂದ! "ಏನ್ ಚುರುಕು ಅಂತೀರಿ, ನೀರಾಗ ಬಿಟ್ರ ಒಂದೊಂದೂ ಎರಡೆರಡು ಕಿಲೋ ಆಗ್ತಿದ್ವು." ತಿನ್ನದವರಿಗೆ ಅಷ್ಟು ಲೆಕ್ಕ ಯಾಕೆ ಬೇಕು, ನೀವೇ ಹೇಳಿ.

ಮರಲ್ ಅಂದಾಗ ನೆನಪಾಯಿತು, ಕೆಲವರು ಕೊರವ ಅಂತಾರೆ, ಕುಚ್ಚು ಮೀನು ಅಂತಾರೆ. ಮರಿ ಹಾಕಿದಾಗ ಕೆಂಪು ಮರಿಗಳ ಒಂದು ಹಿಂಡು ನೀರಿನ ಮೇಲ್ಗಡೆ ಕುದಿಯುತ್ತ ಇರುತ್ತದೆ, ಕೆಳಗೆ ತಂದೆ ತಾಯಿ ಕಾವಲು. ಆ ಹೊತ್ತಿಗೆ ಅವುಗಳ ತಲೆಯ ಮೇಲೆ ಏನು ಬಿದ್ದರೂ ಸಿಟ್ಟಿನಿಂದ ಬಾಯಿ ಹಾಕುತ್ತವೆ, ಹಿಡಿಯುವುದು ಭಾಳ ಸಸಾರ. ಅದಕ್ಕೇ ಹಿಡಿಯಬಾರದು ಅಂತಾರೆ ಹಳಬರು. ಕಾವಲು ಹೋದರೆ ಮರಿಗಳನ್ನು ಉಳಿದ ಮೀನು ಮುಕ್ಕಿಬಿಡುತ್ತವೆ. ಹಿಡಿದವನನ್ನು ಬೈಯುವುದಿಲ್ಲ, ಸಂಜೆ ಚಹಾಕ್ಕೆ ಕರೆಯುವುದಿಲ್ಲ, ಅಷ್ಟೇ. ಚಿಟಗುಪ್ಪದಂಥ ಊರಿನಲ್ಲಿ ಚಹಾಕ್ಕೆ ಕರೆಯದಿರೋದು ಏನು ಸಣ್ಣ ಶಿಕ್ಷೆಯೇ?

ದಂಡೆಗೆ ಹೋಗುವ ದಾರಿ ಯಾರದು ಅನ್ನೋದು ಮುಂದಿನ ಪ್ರಶ್ನೆ. ನೀರು ಸರ್ಕಾರದ್ದು, ಮೀನು ಇಲಾಖೆಯಿಂದ ಗುತ್ತಿಗೆ, ಪರವಾನಗಿ ಹಿಡಿದವರದ್ದು, ನಡುವೆ ಇರುವ ಹೊಲ ಮಾತ್ರ ರೈತನದ್ದು. ತೊಗರಿ ಇದ್ದರೆ ಸಾಲಿನ ನಡುವೆ ಹೋಗಬಹುದು. ಕಬ್ಬಿದ್ದರೆ ಬದುವಿನ ಮೇಲೆ. ಹಸಿಶುಂಠಿಯ ಮಡಿ ಇತ್ತೋ, ಸುತ್ತು ಹಾಕಿಕೊಂಡೇ ಬನ್ನಿ. ಶುಂಠಿ ತುಳಿದವನಿಗೆ ಏಳು ಜನ್ಮ ಮೋಕ್ಷ ಇಲ್ಲ. ಕೇಳಿಯೇ ಹೋಗಬೇಕು. ಕೇಳುವುದು ಅಂದರೆ ಅರ್ಜಿ ಕೊಡುವುದಲ್ಲ. "ಮಳಿ ಹ್ಯಾಂಗಾತ್ರಿ ಈ ಸಲ?" ಅಂದರೆ ಸಾಕು, ಅವನಿಗೆ ತಿಳಿಯುತ್ತದೆ. ಬರುವಾಗ ಎರಡು ಮೀನು ಸಾಗವಾನಿ ಎಲೆಯಲ್ಲಿ ಸುತ್ತಿ ಕಟ್ಟೆಯ ಮೇಲಿಟ್ಟು "ಹುಡುಗರಿಗಿ ಇರ್ಲಿ" ಅನ್ನಬೇಕು. ಇದು ಬಾಡಿಗೆ ಅಂತ ಬಾಯಿ ಬಿಟ್ಟರೆ ಕೆಟ್ಟಿತು. ರೈತ ಮೀನು ತಿನ್ನದವನಾದರೆ ಸಕ್ಕರೆ, ಚಹಾಪುಡಿ ನಡೆಯುತ್ತದೆ. ಅಪ್ಪಿತಪ್ಪಿ ಏನೂ ಸಿಗದ ದಿನ ಖಾಲಿ ಕೈಯಲ್ಲಿ ಹೋದರೂ ಅವನೇ ಮಜ್ಜಿಗೆ ಕೊಡುತ್ತಾನೆ. ಖಾಲಿ ಬಂದವನಿಗೆ ಮಜ್ಜಿಗೆ ಜಾಸ್ತಿ, ಗಮನಿಸಿದ್ದೀರಾ?

ಹಿನ್ನೀರಿನ ಮಗ್ಗುಲಿನ ಒಬ್ಬ ಮುದುಕ ಮಾತ್ರ ಯಾರನ್ನೂ ಕೇಳುವುದಿಲ್ಲ. ಅಣೆಕಟ್ಟಿನಲ್ಲಿ ಹೊಲ ಹೋದವ. ಪರಿಹಾರದ ಹೋರಾಟ ಈ ಸೀಮೆಯಲ್ಲಿ ಎಷ್ಟು ವರ್ಷದಿಂದ ನಡೆದಿದೆ ಅಂತ ನಿಮಗೇನು ಹೊಸದಾಗಿ ಹೇಳಬೇಕಿಲ್ಲ. ಅವನು ತನ್ನ ಹೊಲ ಇದ್ದ ದಿಕ್ಕಿಗೇ ಗಾಳ ಬೀಸುತ್ತಾನೆ. "ಆ ಕಡಿ ಬಾವಿ ಇತ್ತು, ಈ ಕಡಿ ಹುಣಸಿಗಿಡ. ಮೀನೆಲ್ಲ ಬಾವಿ ಬಾಯಾಗೇ ಇರ್ತಾವ" ಅಂತಾನೆ. ಯಾರಾದರೂ ಪರವಾನಗಿ ಮಾತು ತೆಗೆದರೆ "ನನ್ನ ಹೊಲದಾಗ ನನ್ನ ಬೆಳಿ ತಗೋಳ್ಳಕ ಯಾರನ್ನ ಕೇಳ್ಬೇಕು?" ಅನ್ನುತ್ತಾನೆ. ಅವನ ಎದುರು ಯಾರೂ ಕಾಯ್ದೆ ಓದಲು ಹೋಗುವುದಿಲ್ಲ. ಓದಬಾರದು ಕೂಡ.

ಫಿನ್ಲೆಂಡ್ ಅಂತ ಒಂದು ದೇಶ ಇದೆಯಲ್ಲ, ಅಲ್ಲಿ ಇಂಥ ತಂಟೆಯೇ ಇಲ್ಲವಂತೆ. ಲಕ್ಷಕ್ಕೂ ಮಿಕ್ಕಿ ಕೆರೆಗಳು, ಐದು ಲಕ್ಷದಷ್ಟು ಬೇಸಿಗೆ ಮನೆಗಳು, ಬಹಳಷ್ಟು ನೀರಿನ ಮಗ್ಗುಲಿಗೇ. ಸಾದಾ ಕೋಲು ದಾರದ ಗಾಳ ಹಾಕಲು ಯಾರೂ ರೊಕ್ಕ ಕಟ್ಟಬೇಕಿಲ್ಲ, ನೀರಿನ ಒಡೆಯನ ಅಪ್ಪಣೆಯೂ ಬೇಡ. ಅದು ಎಲ್ಲರ ಹಕ್ಕು. ಚಳಿಗಾಲದಲ್ಲಿ ಮಂಜುಗಡ್ಡೆಗೆ ತೂತು ಕೊರೆದು ಕೂಡುವುದಕ್ಕೂ ಅದೇ ಹಕ್ಕು. ಆದರೆ ಒಬ್ಬರ ಮನೆಯ ಅಂಗಳಕ್ಕೆ ಕಾಲಿಡಬಾರದು, ಅವರ ಶಾಂತಿ ಕೆಡಿಸಬಾರದು. ಓದಿ ಹೇಳಿದೆ ನಮ್ಮ ಮಂದಿಗೆ. ಒಬ್ಬ ಕೇಳಿದ, "ಅಂಗಳಕ್ಕೇ ಹೋಗಬಾರದು ಅಂದ್ರ ಮಜ್ಜಿಗಿ ಯಾರು ಕೊಡ್ತಾರ್ರೀ?" ಉತ್ತರ ಹೊಳೆಯಲಿಲ್ಲ.

ಬಲೆಯವರ ಜೊತೆಗಿನ ಲೆಕ್ಕ ಬೇರೆ. ಟೋಕ್ರೆ ಕೋಲಿ, ಕಬ್ಬಲಿಗ ಮನೆತನದವರಿಗೆ ಇದು ಹೊತ್ತು ಕಳೆಯುವ ಆಟ ಅಲ್ಲ, ಹೊಟ್ಟೆಯ ಮಾತು. ಅವರ ತೆಪ್ಪ ಬಂದಾಗ ದಾರ ಮೇಲೆತ್ತಿಕೊಂಡು ಜಾಗ ಬಿಡಬೇಕು, ಅವರ ಬಲೆಯ ಬೆಂಡು ಕಂಡಲ್ಲಿ ಗಾಳ ಹಾಕಬಾರದು. ಅವರೂ ಬಲು ಕಟಕಿಯ ಮಂದಿ. ಒಂದು ದಿನ ತೆಪ್ಪದಲ್ಲಿದ್ದವನು ನಮ್ಮ ಸಾಲನ್ನೆಲ್ಲ ನೋಡಿ, "ಏನ್ರಪಾ, ನೀರಿಗಿ ಉಪವಾಸ ಕುಂತೀರೇನು?" ಅಂದು ಹೋದ. ಅಂಬಿಗರ ಚೌಡಯ್ಯನ ಜಯಂತಿ ಜನವರಿ 21ಕ್ಕೆ ಮಾಡುತ್ತೇವಲ್ಲ, ಆ ನಾಲಗೆ ಇನ್ನೂ ನೀರಿನ ಮೇಲೆ ಓಡಾಡುತ್ತಿದೆ ಅಂತ ಖಾತ್ರಿಯಾಯಿತು. ಸಿಡಿಮದ್ದು, ವಿಷ ಹಾಕುವವರ ಸುದ್ದಿ ಮಾತ್ರ ಬೇಡ. 1996ರ ಒಳನಾಡು ಮೀನುಗಾರಿಕೆ ಕಾಯ್ದೆಯಲ್ಲೂ ಅದು ಅಪರಾಧ, ನಮ್ಮ ಹರಟೆಯಲ್ಲೂ ಅದಕ್ಕೆ ಜಾಗ ಇಲ್ಲ.

ತೂಕದ ವಿಚಾರ ಬಿಟ್ಟೇ ಹೋಗಿತ್ತು ನೋಡಿ. ದಂಡೆಗೆ ತಕ್ಕಡಿ ತರಬಾರದು. ತೂಗಿದ ಮೀನು ಬೆಳೆಯುವುದಿಲ್ಲ. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರು, ಸತ್ತ ಹುಲಿ ಚಿರತೆಯನ್ನು ಜೀವಂತ ಇದ್ದ ಹಾಗೆ ನಿಲ್ಲಿಸುತ್ತಿದ್ದರಲ್ಲ, ಅವರಲ್ಲೊಬ್ಬರು 1946ರಲ್ಲಿ ಕಬಿನಿಯಲ್ಲಿ ಮಹಶೀರ್ ಹಿಡಿದರು. 120 ಪೌಂಡು, ಅಂದರೆ ಐವತ್ತನಾಲ್ಕು ಕಿಲೋ. ದೊಡ್ಡ ದಾಖಲೆಯೇ. ಆದರೆ ಪಾಪ, ತೂಗಿಬಿಟ್ಟರು. ಅಂದಿನಿಂದ ಇಂದಿನವರೆಗೆ ಆ ಮೀನು ಒಂದು ತೊಲೆ ಹೆಚ್ಚಾಗಿಲ್ಲ. ನಮ್ಮ ಕಡೆ ಗಾಳ ಕಿತ್ತುಕೊಂಡು ಹೋದ ಬಾಳೆ ಮೀನು ಒಂದಿದೆ. ಮೊದಲು ಮೊಣಕೈ ತನಕ ಇತ್ತು, ದೀಪಾವಳಿಗೆ ಭುಜದ ತನಕ ಬಂತು, ಈಗ ಅದನ್ನು ತೋರಿಸಲು ಎರಡೂ ಕೈ ಚಾಚಿದರೆ ಸಾಲದು, ಮಗ್ಗುಲಿನವನ ಒಂದು ಕೈ ಕಡ ತೆಗೆದುಕೊಳ್ಳಬೇಕು. ಮಗ್ಗುಲಿನವನು ಸುಮ್ಮನೆ ಕೈ ಚಾಚಿ ಕೊಡುತ್ತಾನೆ. ನಾಳೆ ಅವನಿಗೂ ಬೇಕಾಗುತ್ತದಲ್ಲ. ತೇಜಸ್ವಿಯವರು ಮೂಡಿಗೆರೆಯ ಕಡೆ ಗಾಳ ಹಿಡಿದು ಕೂತರೆ ಅದು ಸಾಹಿತ್ಯವಾಯಿತು, ಇಂಗ್ಲೆಂಡಿನ ಐಸಾಕ್ ವಾಲ್ಟನ್ ಎಂಬ ವ್ಯಾಪಾರಿ 1653ರಲ್ಲಿ ಮೀನು ಹಿಡಿಯುವ ಬಗ್ಗೆ ಬರೆದ ಪುಸ್ತಕ ಇವತ್ತಿಗೂ ಅಚ್ಚಾಗುತ್ತದೆ. ನಮ್ಮವನು ಕೂತರೆ ಮಾತ್ರ "ಕೆಲಸಿಲ್ಲದ ಖೋಡಿ". ಅನ್ಯಾಯ ಅಲ್ವಾ?

ಎಳ್ಳಮಾವಾಸ್ಯೆಯ ದಿನ ಮಾತ್ರ ಕೋಲು ಮನೆಯಲ್ಲಿ ಬಿಟ್ಟು ಹೋಗುವುದೇ ಲೇಸು. ಆ ದಿನ ಹೊಲದವರು ಯಾರನ್ನೂ ದಂಡೆಗೆ ಹೋಗಗೊಡುವುದಿಲ್ಲ. ರಟ್ಟೆ ಹಿಡಿದು ಕೂಡಿಸುತ್ತಾರೆ. ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ. ಹಿಂಗಾರಿನ ಜೋಳ ಎದೆಯುದ್ದ ನಿಂತಿರುತ್ತದೆ, ಊಟ ಮಾಡಿದವ ಅಲ್ಲೇ ಅಡ್ಡಾಗುತ್ತಾನೆ. ಒಂದು ಹೊಲದಲ್ಲಿ ಉಂಡರೆ ಮಗ್ಗುಲ ಹೊಲದವನಿಗೆ ಸಿಟ್ಟು, ಅಲ್ಲಿಯೂ ಉಣ್ಣಬೇಕು. ಮೂರನೆಯ ಹೊಲ ದಾಟಿ ನೀರಿನ ತನಕ ಮುಟ್ಟಿದವರನ್ನು ನಾನು ಕಂಡಿಲ್ಲ. ವರ್ಷವಿಡೀ ಬದುವು ತುಳಿದದ್ದಕ್ಕೆ ಅವತ್ತು ಹೊಟ್ಟೆಯ ಮೇಲೆ ಸೇಡು ತೀರಿಸುತ್ತಾರೆ ಅನ್ನಿ.

ಈಗ ಹೊಸ ಸುದ್ದಿ. ಹಿನ್ನೀರಿಗೆ ಮುಖ ಮಾಡಿ ಹೈದರಾಬಾದಿನವರೊಬ್ಬರು ಫಾರ್ಮ್ ಹೌಸ್ ಕಟ್ಟಿಸಿದ್ದಾರಲ್ಲ, ಹಸಿರು ತಗಡಿನದ್ದು. ಬಂದ ಹೊಸದರಲ್ಲಿ ತಂತಿ ಬೇಲಿ ಎಳೆದು, ಕನ್ನಡ, ಉರ್ದು, ತೆಲುಗು ಮೂರರಲ್ಲೂ "ಇಲ್ಲಿ ಮೀನು ಹಿಡಿಯಬಾರದು" ಅಂತ ಬೋರ್ಡು ಹಾಕಿಸಿದರು. ನಮ್ಮವರು ಜಗಳಕ್ಕೆ ಹೋಗಲಿಲ್ಲ. ಬೇಲಿಯ ಆಚೆ, ಅವರಿಗೆ ಚೆನ್ನಾಗಿ ಕಾಣುವ ಹಾಗೆ ಕೂತರು. ರವಿವಾರ ರವಿವಾರ ಆ ಯಜಮಾನರು ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ನೋಡುವುದು, ನಮ್ಮ ಅಪ್ಪಾವರು "ಎಳಿಯಲೇ!" ಅಂತ ಒದರಿದಾಗ ಅವರೂ ಕುರ್ಚಿಯಿಂದ ಅರ್ಧ ಏಳುವುದು. ಮಳೆಗಾಲ ಕಳೆಯುವಷ್ಟರಲ್ಲಿ ಬೇಲಿಯ ತನಕ ಬಂದು ನಿಂತರು. ಆಮೇಲೆ ಥರ್ಮಾಸಿನಲ್ಲಿ ಚಹಾ ಬಂತು. ಮೊನ್ನೆ ನೋಡಿದರೆ ಆನ್‌ಲೈನಿನಲ್ಲಿ ತರಿಸಿದ ರೀಲಿನ ಕೋಲು, ತಲೆಗೆ ದೊಡ್ಡ ಟೊಪ್ಪಿಗೆ, ಜೇಬೇ ಜೇಬಿನ ಅಂಗಿ. "ನನಗೂ ಒಂದು ಜಾಗ ತೋರಿಸಿ" ಅಂದರು.

ತೋರಿಸದೆ ಇರಲಾದೀತೇ, ಚಹಾ ಕುಡಿದ ಮೇಲೆ? ಹಿರಿಯರೆಲ್ಲ ಮುಖ ಮುಖ ನೋಡಿಕೊಂಡು ಆ ತುದಿಯ ಚಪ್ಪಟೆ ಕಲ್ಲು ತೋರಿಸಿದರು. ಕೂಡಲಿಕ್ಕೆ ಭಾಳ ಛಂದ, ನೆರಳಿದೆ, ಗಾಳಿ ಇದೆ. ನೀರು ಅಲ್ಲಿ ಮೊಣಕಾಲುದ್ದ ಇಲ್ಲ, ಎಮ್ಮೆ ಮೈ ತೊಳೆಯುವ ಜಾಗ, ಒಂದು ಕಪ್ಪೆಯೂ ಕಚ್ಚುವುದಿಲ್ಲ. ಹೊಸಬರಿಗೆಲ್ಲ ಮೊದಲ ವರ್ಷ ಅದೇ ಕಲ್ಲು, ನನಗೂ ಅದೇ ಕೊಟ್ಟಿದ್ದರು. ಯಜಮಾನರಂತೂ ಖುಷಿಯಲ್ಲಿದ್ದಾರೆ, "ಜಾಗ ಎ ಒನ್ ಇದೆ, ಗಾಳಿ ಸ್ವಲ್ಪ ಹೆಚ್ಚು, ಅಷ್ಟೇ" ಅಂತ ಈಗಾಗಲೇ ನಮ್ಮ ಮಾತು ಕಲಿತುಬಿಟ್ಟಿದ್ದಾರೆ. ಬರುವ ರವಿವಾರ ನೀವು ಆ ಕಡೆ ಬಂದರೆ ಅವರಿಗೆ ಏನೂ ಹೇಳಬ್ಯಾಡ್ರಿ ಮತ್ತ. ಬೋರ್ಡು ಇನ್ನೂ ತೆಗೆಸಿಲ್ಲ ಅವರು.